ನಷ್ಟ ಯಾರ ತಲೆಗೆ? ವಾಣಿಜ್ಯ ಕಾನೂನು ಓದಲು ಹೊರಟವರಿಗೆ

ಪ್ರಶ್ನೆ: ನಾನು ವ್ಯವಹಾರ ಆಡಳಿತ ಪದವಿಯ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ವಾಣಿಜ್ಯ ಕಾನೂನು ನಮಗೆ ಕಡ್ಡಾಯ ವಿಷಯ. ವ್ಯಾಖ್ಯೆಗಳು, ಕಲಂಗಳು, ಮೊಕದ್ದಮೆಗಳ ಹೆಸರುಗಳು ಎಲ್ಲವನ್ನೂ ಬಾಯಿಪಾಠ ಮಾಡುತ್ತೇನೆ. ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋಗುತ್ತದೆ. ವಕೀಲಿ ಮಾಡುವ ಉದ್ದೇಶ ನನಗಿಲ್ಲ. ಮುಂದೆ ಯಾವುದಾದರೂ ಸಂಸ್ಥೆಯ ಖರೀದಿ ಅಥವಾ ಹಣಕಾಸು ವಿಭಾಗದಲ್ಲಿ ಕೆಲಸ ಮಾಡಬೇಕೆಂದಿದ್ದೇನೆ. ಈ ವಿಷಯವನ್ನು ಎಲ್ಲಿಂದ ಹಿಡಿದರೆ ಅರ್ಥವಾಗುತ್ತದೆ? ನನ್ನಂಥವರಿಗೆ ಎಷ್ಟು ತಿಳಿದಿದ್ದರೆ ಸಾಕು? ವಕೀಲರ ಬಳಿ ಹೋಗಲೇಬೇಕಾದ ಸಂದರ್ಭ ಯಾವುದು?

ಉತ್ತರ: ನೀವು ಹೇಳಿದ ತೊಂದರೆಯನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಕಾಣುತ್ತೇನೆ. ನಿಮ್ಮ ನೆನಪಿನ ಶಕ್ತಿಗಿಂತ ಪಠ್ಯಪುಸ್ತಕಗಳ ಜೋಡಣೆಯೇ ಅದಕ್ಕೆ ಹೆಚ್ಚಿನ ಕಾರಣ ಎಂಬುದು ನನ್ನ ಅನುಭವ. ಪುಸ್ತಕದಲ್ಲಿ ಕರಾರು ಒಂದು ಅಧ್ಯಾಯ, ಸರಕು ಮಾರಾಟ ಇನ್ನೊಂದು. ಏಜೆನ್ಸಿ, ಪಾಲುದಾರಿಕೆ, ಕಂಪನಿ, ಚೆಕ್ಕು-ಹುಂಡಿ, ದಿವಾಳಿ ಎಂದು ಒಂದೊಂದೂ ಪ್ರತ್ಯೇಕ ಕೋಣೆ. ವ್ಯವಹಾರ ಹಾಗೆ ಕೋಣೆ ಕೋಣೆಯಾಗಿ ನಡೆಯುವುದಿಲ್ಲ. ಒಂದು ಯಂತ್ರಕ್ಕೆ ಆರ್ಡರ್ ಕೊಟ್ಟು ಅದನ್ನು ಎದುರಿನವರು ಒಪ್ಪಿಕೊಂಡ ಕ್ಷಣ ಕರಾರು ಹುಟ್ಟುತ್ತದೆ. ಆರ್ಡರಿಗೆ ಸಹಿ ಹಾಕಿದವರು ಸಂಸ್ಥೆಯ ಪರವಾಗಿ ಹಾಕಿದ್ದರಿಂದ ಏಜೆನ್ಸಿಯ ಪ್ರಶ್ನೆ ಏಳುತ್ತದೆ. ಯಂತ್ರ ಲಾರಿಯಲ್ಲೋ ಹಡಗಿನಲ್ಲೋ ಇರುವಾಗ ಮಾರಾಟದ ಕಾನೂನು, ಹಣ ಪಾವತಿಯ ಹೊತ್ತಿಗೆ ಬ್ಯಾಂಕಿಂಗ್ ಕಾನೂನು, ಕೊಂಡವರು ಕೈಯೆತ್ತಿದರೆ ದಿವಾಳಿ ಕಾನೂನು, ಹೀಗೆ ಎಲ್ಲವೂ ಒಂದೇ ವಹಿವಾಟಿನ ಬೆನ್ನಿಗಿರುತ್ತವೆ. ಆದ್ದರಿಂದ ಒಂದೇ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಎಲ್ಲ ಕೋಣೆಗಳನ್ನೂ ಹೊಕ್ಕು ಬನ್ನಿ ಎಂಬುದು ನನ್ನ ಸಲಹೆ. ಅಂದುಕೊಂಡಂತೆ ನಡೆಯದೆ ಹೋದರೆ ನಷ್ಟ ಯಾರ ತಲೆಗೆ ಬರುತ್ತದೆ? ಇದೇ ಆ ಪ್ರಶ್ನೆ. ವಾಣಿಜ್ಯ ಕಾನೂನಿನ ಹೆಚ್ಚುಕಡಿಮೆ ಪ್ರತಿಯೊಂದು ನಿಯಮವೂ ಇದಕ್ಕೆ ಮೊದಲೇ ಬರೆದಿಟ್ಟ ಒಂದು ಉತ್ತರ. ಆ ಉತ್ತರ ಇಷ್ಟವಾಗದಿದ್ದರೆ, ಕಾನೂನಿನ ಮಿತಿಯೊಳಗೆ, ಕರಾರಿನ ಮೂಲಕ ಅದನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ವ್ಯಾಪಾರಿಗಳಿಗೆ ಇರುತ್ತದೆ.

ಈ ಕಾನೂನು ಬೆಳೆದು ಬಂದ ದಾರಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ದೇಶದಿಂದ ದೇಶಕ್ಕೆ ನಿಯಮಗಳು ಬೇರೆಯಾದರೂ ಅವುಗಳ ಮುಖಲಕ್ಷಣ ಒಂದೇ ತರಹ ಇರುವುದು ಅದರಿಂದ ಅರ್ಥವಾಗುತ್ತದೆ. ಮಧ್ಯಯುಗದ ಯುರೋಪಿನ ಸಂತೆ-ಜಾತ್ರೆಗಳಲ್ಲಿ ಊರೂರಿನ ವರ್ತಕರು ಸೇರುತ್ತಿದ್ದರು. ಅಲ್ಲಿ ಹುಟ್ಟಿದ ಜಗಳಗಳನ್ನು ವರ್ತಕರೇ ತಮ್ಮ ರೂಢಿಯ ಪ್ರಕಾರ ಬೇಗ ತೀರ್ಮಾನಿಸಿಕೊಳ್ಳುತ್ತಿದ್ದರು. 1756ರಿಂದ 1788ರವರೆಗೆ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಲಾರ್ಡ್ ಮ್ಯಾನ್ಸ್‌ಫೀಲ್ಡ್, ವರ್ತಕರನ್ನೇ ಜ್ಯೂರಿಯಲ್ಲಿ ಕೂರಿಸಿಕೊಂಡು ಅವರ ರೂಢಿಗಳನ್ನು ನ್ಯಾಯಾಲಯದ ಕಾನೂನಿನೊಳಕ್ಕೆ ತಂದರು. ಫ್ರಾನ್ಸ್ 1807ರಲ್ಲಿ ವಾಣಿಜ್ಯ ಸಂಹಿತೆಯನ್ನೇ ರಚಿಸಿತು. ಜರ್ಮನಿಯ ಸಂಹಿತೆ 1900ರಲ್ಲಿ ಜಾರಿಗೆ ಬಂತು. ಮುಂದೆ ದೇಶಗಳ ನಡುವಿನ ಮಾರಾಟಕ್ಕೆಂದೇ 1980ರಲ್ಲಿ ವಿಯೆನ್ನಾದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಇಂದು 90ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಬ್ರಿಟನ್ ಮತ್ತು ಭಾರತ ಇಲ್ಲ. ನೀವು ಓದುವ ಯಾವ ನಿಯಮಕ್ಕೂ ಮೊದಲು ಇದು ಯಾವ ದೇಶದ ಕಾನೂನು, ನಮ್ಮ ಕರಾರಿಗೆ ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಇನ್ನು ಕರಾರಿಗೆ ಬರುತ್ತೇನೆ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲಬೇಕು. ಪ್ರಸ್ತಾವ, ಒಪ್ಪಿಗೆ ಎಂಬ ಎರಡು ಪದಗಳನ್ನು ನೀವು ಮೊದಲ ಪಾಠದಲ್ಲೇ ಕಲಿತಿರುತ್ತೀರಿ. ಒಬ್ಬರ ಪ್ರಸ್ತಾವವನ್ನು ಇನ್ನೊಬ್ಬರು ಇದ್ದಂತೆಯೇ ಒಪ್ಪಿದರೆ ಕರಾರು. ಏನಾದರೂ ಬದಲಾಯಿಸಿ ಒಪ್ಪಿದರೆ ಅದು ಒಪ್ಪಿಗೆಯಾಗದೆ ಮರುಪ್ರಸ್ತಾವವಾಗುತ್ತದೆ. ಓದುವಾಗ ಇದು ತೀರಾ ಸರಳವಾಗಿ ಕಾಣುತ್ತದೆ. ಕಚೇರಿಯ ಕಾಗದಪತ್ರಗಳಲ್ಲಿ ಇದು ಹೇಗೆ ಬಂದು ಕೂರುತ್ತದೆ ಎಂಬುದನ್ನು ಇಂಗ್ಲೆಂಡಿನ ಬಟ್ಲರ್ ಮೆಷಿನ್ ಟೂಲ್ ಕಂಪನಿಯ ಮೊಕದ್ದಮೆಯಲ್ಲಿ ನೋಡಿ. 1969ರ ಮೇ ತಿಂಗಳಲ್ಲಿ ಆ ಕಂಪನಿ ಒಂದು ಯಂತ್ರಕ್ಕೆ 75,535 ಪೌಂಡಿನ ಕೊಟೇಶನ್ ಕಳುಹಿಸಿತು. ಹತ್ತು ತಿಂಗಳಲ್ಲಿ ಡೆಲಿವರಿ. ಕೊಟೇಶನ್ನಿನೊಂದಿಗಿದ್ದ ಷರತ್ತುಗಳಲ್ಲಿ, ಡೆಲಿವರಿಯ ಹೊತ್ತಿಗೆ ವೆಚ್ಚ ಏರಿದ್ದರೆ ಬೆಲೆಯನ್ನೂ ಏರಿಸಬಹುದು ಎಂಬುದೊಂದು. ಕೊಳ್ಳುವವರ ಷರತ್ತುಗಳಿಗಿಂತ ನಮ್ಮ ಷರತ್ತುಗಳೇ ಮೇಲು ಎಂಬುದು ಮತ್ತೊಂದು. ಕೊಳ್ಳುವ ಕಂಪನಿ ತನ್ನದೇ ನಮೂನೆಯಲ್ಲಿ ಆರ್ಡರ್ ಕಳುಹಿಸಿತು. ಆ ನಮೂನೆಯ ಷರತ್ತುಗಳಲ್ಲಿ ಬೆಲೆ ಏರಿಕೆಗೆ ಅವಕಾಶವಿರಲಿಲ್ಲ. ನಮೂನೆಯ ಅಡಿಯಲ್ಲಿ ಹರಿದು ವಾಪಸು ಕಳುಹಿಸಬೇಕಾದ ಒಂದು ಚೀಟಿಯಿತ್ತು; ಈ ಆರ್ಡರನ್ನು ಇದರಲ್ಲಿರುವ ಷರತ್ತುಗಳ ಮೇಲೆ ಒಪ್ಪಿಕೊಂಡಿದ್ದೇವೆ ಎಂಬ ಒಕ್ಕಣೆ ಅದರ ಮೇಲೆ ಮುದ್ರಿತವಾಗಿತ್ತು. ಮಾರುವವರು ಆ ಚೀಟಿಗೆ ಸಹಿ ಹಾಕಿ, ನಮ್ಮ ಕೊಟೇಶನ್ನಿನಂತೆ ಯಂತ್ರ ಒದಗಿಸುತ್ತೇವೆ ಎಂಬ ಪತ್ರವನ್ನೂ ಜೊತೆಗಿಟ್ಟು ಕಳುಹಿಸಿದರು.

ಯಂತ್ರ ತಯಾರಾದಾಗ ಮಾರುವವರು ಹೆಚ್ಚುವರಿಯಾಗಿ 2,892 ಪೌಂಡ್ ಕೇಳಿದರು. ಕೆಳಗಿನ ನ್ಯಾಯಾಲಯ ಅವರ ಪರವಾಗಿಯೇ ತೀರ್ಪು ಕೊಟ್ಟಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಕೊಳ್ಳುವವರ ಆರ್ಡರ್ ಒಂದು ಮರುಪ್ರಸ್ತಾವ. ಅದು ಬಂದೊಡನೆ ಮೊದಲಿನ ಕೊಟೇಶನ್ ಬಿದ್ದುಹೋಯಿತು. ಚೀಟಿಗೆ ಸಹಿ ಹಾಕಿ ಕಳುಹಿಸಿದ್ದು ಆ ಮರುಪ್ರಸ್ತಾವಕ್ಕೆ ಸಿಕ್ಕ ಒಪ್ಪಿಗೆ. ಜೊತೆಗಿದ್ದ ಪತ್ರ ಕೊಟೇಶನ್ನಿನ ಬೆಲೆಯನ್ನೂ ಯಂತ್ರವನ್ನೂ ಗುರುತಿಸಲು ಬರೆದದ್ದೇ ಹೊರತು ಹಳೆಯ ಷರತ್ತುಗಳನ್ನು ಮತ್ತೆ ಜೀವಂತಗೊಳಿಸಲು ಬರೆದದ್ದಲ್ಲ ಎಂದು ನ್ಯಾಯಾಧೀಶರು ಹೇಳಿದರು. ಆ ಚೀಟಿಗೆ ಸಹಿ ಹಾಕುವಾಗ ಮಾರಾಟ ವಿಭಾಗದ ಯಾರಿಗೂ ಬೆಲೆ ಏರಿಕೆಯ ಹಕ್ಕನ್ನು ಬಿಟ್ಟುಕೊಡುತ್ತಿದ್ದೇವೆ ಎಂಬ ಅರಿವು ಇದ್ದಿರಲಾರದು. ಖರೀದಿ ವಿಭಾಗಕ್ಕೆ ಹೋಗಬೇಕೆಂದಿರುವ ನೀವು ಈ ಮೊಕದ್ದಮೆಯ ಹೆಸರು ಮರೆತರೂ ಪರವಾಗಿಲ್ಲ, ಆ ಚೀಟಿಯನ್ನು ಮರೆಯಬೇಡಿ. ಇಂದು ಅದು ಚೀಟಿಯ ರೂಪದಲ್ಲಿ ಬರುವುದಿಲ್ಲ. ಇಮೇಲಿನ ಕೊನೆಯ ಸಾಲಾಗಿಯೋ, ಒಂದು ಪೋರ್ಟಲ್ಲಿನಲ್ಲಿ ಟಿಕ್ ಮಾಡಬೇಕಾದ ಚೌಕವಾಗಿಯೋ ಬರುತ್ತದೆ.

ಓದದೆ ಹಾಕಿದ ಸಹಿಯೂ ಸಹಿಯೇ ಎಂಬುದಕ್ಕೆ 1934ರ ಇನ್ನೊಂದು ಇಂಗ್ಲಿಷ್ ಪ್ರಕರಣವಿದೆ. ಕೆಫೆ ನಡೆಸುತ್ತಿದ್ದ ಒಬ್ಬ ಮಹಿಳೆ ಸಿಗರೇಟ್ ಮಾರುವ ಸ್ವಯಂಚಾಲಿತ ಯಂತ್ರವನ್ನು ಕೊಂಡರು. ಆರ್ಡರ್ ಪತ್ರದಲ್ಲಿ ಕಣ್ಣಿಗೆ ಹಿಡಿಯದಷ್ಟು ಸಣ್ಣ ಅಕ್ಷರದಲ್ಲಿ, ಬರೆಯದ ಯಾವ ಖಾತರಿಗೂ ಮಾರುವವರು ಹೊಣೆಯಲ್ಲ ಎಂದಿತ್ತು. ಯಂತ್ರ ಕೆಟ್ಟಿತು, ಮೊಕದ್ದಮೆಯಲ್ಲಿ ಅವರು ಸೋತರು. ವಂಚನೆಯಾಗಲಿ ತಪ್ಪು ಹೇಳಿಕೆಯಾಗಲಿ ಇರದಿದ್ದಾಗ, ಓದಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ನ್ಯಾಯಾಲಯ ಹೇಳಿತು. ಇದು ಕಠಿಣ ತೀರ್ಪು ಎಂದು ನನಗೆ ಅಂದಿಗೂ ಇಂದಿಗೂ ಅನಿಸುತ್ತದೆ. ಇಂಥ ಷರತ್ತುಗಳನ್ನು ಹದ್ದುಬಸ್ತಿನಲ್ಲಿಡಲು ಆಮೇಲೆ ಹಲವು ದೇಶಗಳು ಕಾಯ್ದೆ ಮಾಡಿದವು; ಬ್ರಿಟನ್ನಿನದು 1977ರಲ್ಲಿ ಬಂತು. ಆದರೆ ಆ ಕಾಯ್ದೆಗಳ ರಕ್ಷಣೆ ಗ್ರಾಹಕರಿಗೆ ಸಿಗುವಷ್ಟು ಧಾರಾಳವಾಗಿ ಒಂದು ಸಂಸ್ಥೆಗೆ ಸಿಗುವುದಿಲ್ಲ. ವ್ಯಾಪಾರಿಗೂ ವ್ಯಾಪಾರಿಗೂ ನಡುವಿನ ಕರಾರಿನಲ್ಲಿ, ಇಬ್ಬರೂ ತಿಳಿದೇ ಸಹಿ ಹಾಕಿದ್ದಾರೆ ಎಂದೇ ಕಾನೂನು ಸಾಮಾನ್ಯವಾಗಿ ಭಾವಿಸುತ್ತದೆ.

ಪ್ರತಿಫಲ, ಸಾಮರ್ಥ್ಯ, ಸ್ವತಂತ್ರ ಸಮ್ಮತಿ ಮುಂತಾದ ಉಳಿದ ಅಂಶಗಳನ್ನು ಪಠ್ಯಪುಸ್ತಕದಿಂದಲೇ ಓದಿಕೊಳ್ಳಬಹುದು. ಒಂದು ಮಾತು ಮಾತ್ರ ಸೇರಿಸುತ್ತೇನೆ. ಪ್ರತಿಫಲವಿಲ್ಲದೆ, ಅಂದರೆ ಒಬ್ಬರ ಮಾತಿಗೆ ಬದಲಾಗಿ ಇನ್ನೊಬ್ಬರೂ ಏನನ್ನಾದರೂ ಕೊಡದೆ ಅಥವಾ ಕೊಡಲು ಒಪ್ಪದೆ, ಕರಾರಿಲ್ಲ ಎಂಬುದು ಇಂಗ್ಲಿಷ್ ಮೂಲದ ಕಾನೂನಿರುವ ದೇಶಗಳ ನಿಯಮ. ಫ್ರಾನ್ಸ್, ಜರ್ಮನಿಗಳಲ್ಲಿ ಅದು ಬೇಕಿಲ್ಲ. ಬದಲಿಗೆ ಜರ್ಮನಿಯ ನಾಗರಿಕ ಸಂಹಿತೆಯ 242ನೇ ಕಲಂ ಕರಾರನ್ನು ಸದ್ಭಾವದಿಂದ ನೆರವೇರಿಸಬೇಕೆಂದು ವಿಧಿಸುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ ಹಾಗೆ ಎಲ್ಲ ಕರಾರುಗಳಿಗೂ ಅನ್ವಯಿಸುವ ಒಂದು ಸಾಮಾನ್ಯ ಕರ್ತವ್ಯವಿಲ್ಲ.

ಈಗ ಕರಾರು ಮುರಿದುಬಿದ್ದಾಗ ಏನಾಗುತ್ತದೆ ನೋಡೋಣ. ನಿಮ್ಮ ವಿಭಾಗದವರು ಹೆಚ್ಚು ತಪ್ಪು ತಿಳಿದಿರುವುದು ಇಲ್ಲಿಯೇ. ತಡವಾಗಿ ಸರಕು ಬಂದದ್ದರಿಂದ ನಮಗೆ ಆದ ನಷ್ಟವೆಲ್ಲವನ್ನೂ ಎದುರಿನವರು ತುಂಬಿಕೊಡುತ್ತಾರೆ ಎಂಬ ನಂಬಿಕೆ ಸಾಮಾನ್ಯ. ಅದು ನಿಜವಲ್ಲ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ 1853ರಲ್ಲಿ ಒಂದು ಹಿಟ್ಟಿನ ಗಿರಣಿಯ ಉಗಿಯಂತ್ರದ ಕ್ರ್ಯಾಂಕ್ ಶಾಫ್ಟ್ ಮುರಿಯಿತು. ಹೊಸದನ್ನು ಮಾಡಲು ಹಳೆಯದೇ ಮಾದರಿಯಾಗಬೇಕಿದ್ದರಿಂದ, ಮುರಿದ ಶಾಫ್ಟನ್ನು ಗ್ರೀನಿಚ್‌ನಲ್ಲಿದ್ದ ತಯಾರಕರಿಗೆ ತಲುಪಿಸಲು ಸಾಗಣೆದಾರರಿಗೆ ಒಪ್ಪಿಸಿದರು. ಸಾಗಣೆದಾರರ ಅಲಕ್ಷ್ಯದಿಂದ ಅದು ಹಲವು ದಿನ ತಡವಾಯಿತು. ಅಷ್ಟೂ ದಿನ ಗಿರಣಿ ನಿಂತಿತ್ತು. ನಿಂತ ದಿನಗಳ ಲಾಭವನ್ನು ಗಿರಣಿಯವರು ಕೇಳಿದರು. ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ನಡುವಿನ ಈ ಮೊಕದ್ದಮೆಯಲ್ಲಿ 1854ರಲ್ಲಿ ಹೊರಬಿದ್ದ ತೀರ್ಪು ಇಂದಿಗೂ ಈ ವಿಷಯದ ಬುನಾದಿ. ಭಂಗದಿಂದ ಸಹಜವಾಗಿ ಉಂಟಾಗುವ ನಷ್ಟ, ಅಥವಾ ಕರಾರು ಮಾಡಿಕೊಳ್ಳುವಾಗಲೇ ಹೀಗಾಗಬಹುದು ಎಂದು ಇಬ್ಬರ ಲಕ್ಷ್ಯಕ್ಕೂ ಬಂದಿದ್ದ ನಷ್ಟ, ಇವೆರಡಕ್ಕೆ ಮಾತ್ರ ಪರಿಹಾರ. ನ್ಯಾಯಾಲಯ ಪರಿಗಣಿಸಿದಂತೆ, ಸಾಗಣೆದಾರರಿಗೆ ತಿಳಿದಿದ್ದದ್ದು ಇದು ಗಿರಣಿಯ ಮುರಿದ ಶಾಫ್ಟ್ ಎಂಬುದಷ್ಟೇ. ಗಿರಣಿಯವರ ಬಳಿ ಬದಲಿ ಶಾಫ್ಟ್ ಇದ್ದಿರಬಹುದಿತ್ತು. ಇದು ತಡವಾದರೆ ಗಿರಣಿ ನಿಂತೇಹೋಗುತ್ತದೆ ಎಂಬ ವಿಶೇಷ ಸಂಗತಿಯನ್ನು ತಿಳಿಸದಿದ್ದ ಕಾರಣ ಕೈತಪ್ಪಿದ ಆ ಲಾಭದ ನಷ್ಟ ಗಿರಣಿಯವರ ತಲೆಗೇ ಬಂತು.

ಈ ತತ್ವ ಭಾರತದ 1872ರ ಕರಾರು ಕಾಯ್ದೆಯ 73ನೇ ಕಲಮಿನಲ್ಲಿಯೂ, ವಿಯೆನ್ನಾ ಒಪ್ಪಂದದ 74ನೇ ವಿಧಿಯಲ್ಲಿಯೂ ಬೇರೆ ಬೇರೆ ಮಾತುಗಳಲ್ಲಿ ಇದೆ. ಇದರಿಂದ ಹೊರಡುವ ಕೆಲಸದ ಮಾತು ತುಂಬ ಚಿಕ್ಕದು: ತಡವಾದರೆ ನಿಮಗೆ ಏನಾಗುತ್ತದೆ ಎಂಬುದನ್ನು ಆರ್ಡರಿನಲ್ಲೇ ಬರೆಯಿರಿ. ಈ ಬಿಡಿಭಾಗ ಹದಿನೈದನೆಯ ತಾರೀಖಿಗೆ ಬರದಿದ್ದರೆ ನಮ್ಮ ಉತ್ಪಾದನೆ ನಿಲ್ಲುತ್ತದೆ ಎಂಬ ಒಂದು ಸಾಲು, ನಷ್ಟವನ್ನು ಒಂದು ತಲೆಯಿಂದ ಇನ್ನೊಂದು ತಲೆಗೆ ವರ್ಗಾಯಿಸುವಷ್ಟು ಬಲವುಳ್ಳದ್ದಾಗಬಹುದು. ಹಾಗೆ ಬರೆದದ್ದನ್ನು ಓದಿದ ಮಾರಾಟಗಾರರು ಬೆಲೆ ಏರಿಸಬಹುದು, ಇಲ್ಲವೇ ತಮ್ಮ ಹೊಣೆಗೆ ಒಂದು ಮೇಲ್ಮಿತಿ ಕೇಳಬಹುದು. ಕೇಳಲಿ. ಅಪಾಯಕ್ಕೂ ಒಂದು ಬೆಲೆಯಿದೆ ಎಂಬುದು ಆಗ ಇಬ್ಬರಿಗೂ ಕಣ್ಣೆದುರೇ ಇರುತ್ತದೆ, ಚೌಕಾಸಿ ಪ್ರಾಮಾಣಿಕವಾಗುತ್ತದೆ. ಇದಕ್ಕೆ ಸೇರಿದ ಮತ್ತೊಂದು ನಿಯಮ ನಷ್ಟವನ್ನು ತಗ್ಗಿಸಿಕೊಳ್ಳುವ ಹೊಣೆ. ಎದುರಿನವರು ಮಾತು ತಪ್ಪಿದರೆಂದು ಕೈಕಟ್ಟಿ ಕೂತು ನಷ್ಟವನ್ನು ಬೆಳೆಯಲು ಬಿಟ್ಟರೆ, ತಡೆಯಬಹುದಾಗಿದ್ದ ಆ ಭಾಗಕ್ಕೆ ಪರಿಹಾರ ಸಿಗುವುದಿಲ್ಲ. ಬೇರೆಡೆ ಸರಕು ಹುಡುಕಿ ಕೊಂಡ ಬಿಲ್ಲು, ವಿಚಾರಿಸಿದ ಪತ್ರಗಳು, ಎಲ್ಲವನ್ನೂ ಫೈಲಿನಲ್ಲಿಡಬೇಕಾದದ್ದು ಇದಕ್ಕೆ.

ಕರಾರು ಮಾಡಿಕೊಂಡ ಮೇಲೆ ಪರಿಸ್ಥಿತಿಯೇ ಬದಲಾದರೆ? 1956ರ ಅಕ್ಟೋಬರಿನಲ್ಲಿ ಸುಡಾನಿನ ಕಡಲೆಕಾಯಿಯನ್ನು ಹ್ಯಾಂಬರ್ಗಿಗೆ ತಲುಪಿಸಲು ಒಂದು ಕರಾರಾಯಿತು. ನವೆಂಬರ್ ಆರಂಭದಲ್ಲಿ ಸೂಯೆಜ್ ಕಾಲುವೆ ಮುಚ್ಚಿತು. ಆಫ್ರಿಕಾವನ್ನು ಬಳಸಿಕೊಂಡು ಹೋಗುವ ದಾರಿ ತೆರೆದೇ ಇತ್ತು, ಆದರೆ ದೂರ ಹೆಚ್ಚು, ಹಡಗಿನ ಬಾಡಿಗೆಯೂ ಹೆಚ್ಚು. ಮಾರುವವರು ಸರಕು ಕಳುಹಿಸಲಿಲ್ಲ. ದುಬಾರಿಯಾದದ್ದು ಅಸಾಧ್ಯವಾದದ್ದಕ್ಕೆ ಸಮವಲ್ಲ ಎಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರನ್ನು ಹೊಣೆ ಮಾಡಿತು. ಕೈಮೀರಿದ ಘಟನೆ ನಡೆದರೆ ಹೊಣೆಯಿಂದ ವಿನಾಯಿತಿ ಕೊಡುವ ಫೋರ್ಸ್ ಮೆಜ್ಯೂರ್ ಎಂಬ ಷರತ್ತನ್ನು ನೀವು ಕರಾರುಗಳ ಕೊನೆಯ ಪುಟಗಳಲ್ಲಿ ನೋಡಿರುತ್ತೀರಿ. ಅದನ್ನು ಹಳೆಯ ಕರಾರಿನಿಂದ ಹಾಗೇ ನಕಲು ಮಾಡಿ ಅಂಟಿಸುವ ಅಭ್ಯಾಸ ಎಲ್ಲೆಲ್ಲೂ ಇದೆ, ಮತ್ತು ಅದು ನನ್ನನ್ನು ಬಹಳ ಚಿಂತೆಗೀಡುಮಾಡುತ್ತದೆ; ಯಾವ ಘಟನೆಗೆ ವಿನಾಯಿತಿ, ಎಷ್ಟು ದಿನದೊಳಗೆ ತಿಳಿಸಬೇಕು, ವೆಚ್ಚದ ಏರಿಕೆ ಇದರಲ್ಲಿ ಸೇರಿದೆಯೇ ಎಂಬುದೆಲ್ಲ ಅಲ್ಲಿನ ಪದಗಳ ಮೇಲೆಯೇ ನಿಂತಿರುತ್ತದೆ.

ಸರಕು ಮಾರಾಟದ ಕಾನೂನಿನಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿಯಿರಿ: ಒಡೆತನ ಯಾವಾಗ ಕೈಬದಲಾಗುತ್ತದೆ, ಹಾನಿಯ ಹೊಣೆ ಯಾವಾಗ ಕೈಬದಲಾಗುತ್ತದೆ. ಇಂಗ್ಲಿಷ್ ಕಾನೂನಿನ ಸಾಮಾನ್ಯ ನಿಯಮದಂತೆ, ಬೇರೆ ಮಾತಾಗಿರದಿದ್ದರೆ ಹೊಣೆ ಒಡೆತನದ ಬೆನ್ನು ಹತ್ತಿ ಹೋಗುತ್ತದೆ; ಸರಕು ಯಾರದೋ ನಷ್ಟವೂ ಅವರದು. ವಿಯೆನ್ನಾ ಒಪ್ಪಂದ ಈ ಗಂಟನ್ನು ಬಿಚ್ಚಿಬಿಟ್ಟಿದೆ: ಸಾಗಣೆಯನ್ನೊಳಗೊಂಡ ಮಾರಾಟದಲ್ಲಿ, ನಿರ್ದಿಷ್ಟ ಸ್ಥಳವನ್ನು ಗೊತ್ತುಮಾಡಿರದಿದ್ದರೆ, ಸರಕನ್ನು ಮೊದಲ ಸಾಗಣೆದಾರರಿಗೆ ಒಪ್ಪಿಸಿದ ಕ್ಷಣ ಹೊಣೆ ಕೊಂಡವರದು, ಒಡೆತನ ಯಾರಲ್ಲೇ ಇರಲಿ. ನಿಮ್ಮ ಕೈಗೆ ಬರುವ ಹೆಚ್ಚಿನ ಅಂತರರಾಷ್ಟ್ರೀಯ ಆರ್ಡರುಗಳಲ್ಲಿ ಈ ಪ್ರಶ್ನೆಯನ್ನು ಮೂರಕ್ಷರದ ಸಂಕೇತವೊಂದು ತೀರ್ಮಾನಿಸಿರುತ್ತದೆ: ಎಫ್‌ಒಬಿ, ಸಿಐಎಫ್, ಡಿಡಿಪಿ ಇತ್ಯಾದಿ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಇಂಕೋಟರ್ಮ್ಸ್ ನಿಯಮಗಳಲ್ಲಿ ಇವುಗಳ ಅರ್ಥವಿದೆ. ಸದ್ಯ ಬಳಕೆಯಲ್ಲಿರುವುದು 2020ರ ಆವೃತ್ತಿ. ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಸಿಐಎಫ್ ಎಂದರೆ ಮಾರುವವರು ಬಾಡಿಗೆಯನ್ನೂ ವಿಮೆಯನ್ನೂ ತಲುಪುವ ಬಂದರಿನವರೆಗೆ ಕಟ್ಟುತ್ತಾರೆ. ಹಾಗಾಗಿ ಅಲ್ಲಿಯವರೆಗೂ ಹಾನಿಯ ಹೊಣೆಯೂ ಅವರದೇ ಎಂದು ಬರೆದುಬಿಡುತ್ತಾರೆ. ಹೊಣೆ ಹೊರಡುವ ಬಂದರಿನಲ್ಲಿ ಸರಕು ಹಡಗೇರಿದಾಗಲೇ ಕೊಂಡವರಿಗೆ ವರ್ಗವಾಗಿರುತ್ತದೆ. ವೆಚ್ಚ ಒಂದು ಕಡೆ, ಹೊಣೆ ಇನ್ನೊಂದು ಕಡೆ. ಈ ನಿಯಮಗಳು ಒಡೆತನದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನೂ ಗುರುತಿಟ್ಟುಕೊಳ್ಳಿ.

ಹೊಣೆ ಯಾವಾಗಲೋ ವರ್ಗವಾಗಿರುವಾಗ ಒಡೆತನ ಏಕೆ ಮುಖ್ಯ ಎಂದು ನೀವು ಕೇಳಬಹುದು. ಕೊಂಡವರು ದಿವಾಳಿಯಾದ ದಿನ ಅದಕ್ಕೆ ಉತ್ತರ ಸಿಗುತ್ತದೆ. ಅಂದು ಸಾಲ ಕೊಟ್ಟವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಆಸ್ತಿಯ ಮೇಲೆ ಅಡಮಾನ ಪಡೆದ ಬ್ಯಾಂಕುಗಳು ಮುಂದೆ, ಬರೀ ಇನ್‌ವಾಯ್ಸ್ ಹಿಡಿದ ಸರಬರಾಜುದಾರರು ಹಿಂದೆ. ಹಿಂದಿದ್ದವರಿಗೆ ಕೈಗೆ ಬರುವುದು ಬಹಳ ಸಲ ಅತ್ಯಲ್ಪ. ಆದರೆ ಸರಕು ಇನ್ನೂ ನಿಮ್ಮದೇ ಆಗಿದ್ದರೆ ನೀವು ಆ ಸಾಲಿನಲ್ಲಿ ನಿಲ್ಲಬೇಕಾಗಿಯೇ ಇಲ್ಲ. 1976ರಲ್ಲಿ ತೀರ್ಮಾನವಾದ ರೊಮಾಲ್ಪಾ ಪ್ರಕರಣದಲ್ಲಿ ಒಂದು ಡಚ್ ಕಂಪನಿ ಅಲ್ಯೂಮಿನಿಯಂ ಹಾಳೆಯನ್ನು ಸಾಲದ ಮೇಲೆ ಮಾರಿತ್ತು. ಬಾಕಿಯೆಲ್ಲ ತೀರುವವರೆಗೆ ಒಡೆತನ ನಮ್ಮದೇ ಎಂಬ ಷರತ್ತು ಕರಾರಿನಲ್ಲಿತ್ತು. ಕೊಂಡ ಕಂಪನಿ ಕುಸಿದಾಗ, ಬಳಸದೆ ಉಳಿದಿದ್ದ ಹಾಳೆಯನ್ನೂ ಮಾರಿ ಬಂದಿದ್ದ ಹಣವನ್ನೂ ಪಡೆಯುವ ಹಕ್ಕು ಡಚ್ ಕಂಪನಿಗೆ ಸಿಕ್ಕಿತು. ಜರ್ಮನಿಯಂಥ ದೇಶಗಳಲ್ಲಿ ಇಂಥ ಷರತ್ತು ಬಹುಕಾಲದಿಂದ ರೂಢಿಯಲ್ಲಿದೆ. ಅಮೆರಿಕದ ಕಾನೂನು ಇದನ್ನು ಒಂದು ಬಗೆಯ ಅಡಮಾನವೆಂದೇ ನೋಡುತ್ತದೆ; ನೋಂದಾಯಿಸದಿದ್ದರೆ ದಿವಾಳಿಯ ಹೊತ್ತಿಗೆ ಅದು ಉಪಯೋಗಕ್ಕೆ ಬಾರದೆ ಹೋಗಬಹುದು. ಹಣಕಾಸು ವಿಭಾಗದಲ್ಲಿ ಯಾರಿಗಾದರೂ ಸಾಲದ ಅವಧಿ ಕೊಡುವ ಮುನ್ನ, ಇವರು ಬಿದ್ದರೆ ನಾವು ಯಾವ ಸಾಲಿನಲ್ಲಿ ನಿಲ್ಲುತ್ತೇವೆ ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ.

ಕಂಪನಿಯ ಕಾನೂನಿಗೂ ಇದೇ ಪ್ರಶ್ನೆಯೊಂದಿಗೆ ಹೋಗಿ. ಲಂಡನ್ನಿನ ಪಾದರಕ್ಷೆ ತಯಾರಕರಾಗಿದ್ದ ಆರನ್ ಸಾಲೊಮನ್ 1892ರಲ್ಲಿ ತಮ್ಮ ವ್ಯಾಪಾರವನ್ನು ಒಂದು ಸೀಮಿತ ಕಂಪನಿಗೆ ಮಾರಿದರು. 20,007 ಷೇರುಗಳಲ್ಲಿ 20,001 ಅವರವು. ಹೆಂಡತಿ ಮತ್ತು ಐವರು ಮಕ್ಕಳಿಗೆ ಒಂದೊಂದು. ಮಾರಾಟದ ಹಣದ ಒಂದು ಭಾಗಕ್ಕೆ 10,000 ಪೌಂಡಿನ ಡಿಬೆಂಚರುಗಳನ್ನೂ, ಅಂದರೆ ಕಂಪನಿಯ ಆಸ್ತಿಯ ಅಡಮಾನವಿರುವ ಸಾಲಪತ್ರಗಳನ್ನೂ, ಪಡೆದಿದ್ದರು. ಕಂಪನಿ ಮುಳುಗಿದಾಗ ಉಳಿದ ಸಾಲದಾತರಿಗೆ ಏನೂ ಸಿಗದ ಸ್ಥಿತಿ ಬಂತು. ಕಂಪನಿ ಎಂಬುದು ಸಾಲೊಮನ್ನರದೇ ಮುಖವಾಡ, ಸಾಲವನ್ನು ಅವರೇ ತೀರಿಸಬೇಕು ಎಂಬ ವಾದವನ್ನು ಕೆಳಗಿನ ಎರಡು ನ್ಯಾಯಾಲಯಗಳು ಒಪ್ಪಿದವು. 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕಾನೂನಿನ ಪ್ರಕಾರ ನೋಂದಣಿಯಾದ ಮೇಲೆ ಕಂಪನಿಯೇ ಒಬ್ಬ ಬೇರೆ ವ್ಯಕ್ತಿ, ಅದರ ಸಾಲ ಅದರದು. ಒಬ್ಬ ಸರಬರಾಜುದಾರರ ಕಣ್ಣಿನಿಂದ ಈ ತೀರ್ಪನ್ನು ಓದಿ ನೋಡಿ, ಆಗ ಬ್ಯಾಂಕುಗಳು ಸಣ್ಣ ಕಂಪನಿಗೆ ಸಾಲ ಕೊಡುವಾಗ ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಏಕೆ ಕೇಳುತ್ತವೆ ಎಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ. ಸೀಮಿತ ಹೊಣೆಯ ಗೋಡೆಯನ್ನು ಕಾನೂನು ಕಟ್ಟುತ್ತದೆ, ಜಾಮೀನು ಅದರಲ್ಲೊಂದು ಬಾಗಿಲು ಕೊರೆಯುತ್ತದೆ. ಮುಂದೆ ನಿಮ್ಮಿಂದಲೇ ಯಾರಾದರೂ ಅಂಥ ಜಾಮೀನಿಗೆ ಸಹಿ ಕೇಳಿದರೆ, ಅದು ಕಂಪನಿಯ ಕಾಗದಗಳ ನಡುವೆ ಇದ್ದ ಮಾತ್ರಕ್ಕೆ ಕಂಪನಿಯ ಕಾಗದವಲ್ಲ, ನಿಮ್ಮ ಮನೆಯ ಕಾಗದ ಎಂದು ತಿಳಿಯಿರಿ. ಸಾಧಾರಣ ಪಾಲುದಾರಿಕೆಯಲ್ಲಿ ಈ ಗೋಡೆ ಮೊದಲೇ ಇರುವುದಿಲ್ಲ. ಒಬ್ಬ ಪಾಲುದಾರರು ವ್ಯಾಪಾರದ ಕ್ರಮದಲ್ಲಿ ಮಾಡಿದ ಸಾಲ ಎಲ್ಲ ಪಾಲುದಾರರ ಸ್ವಂತ ಆಸ್ತಿಯನ್ನೂ ಮುಟ್ಟಬಲ್ಲದು.

ಏಜೆನ್ಸಿಯಲ್ಲಿ ತೋರಿಕೆಯ ಅಧಿಕಾರ ಎಂಬ ಪರಿಕಲ್ಪನೆಯನ್ನು ಹಿಡಿದರೆ ಸಾಕು. ಒಬ್ಬರಿಗೆ ಖರೀದಿ ವ್ಯವಸ್ಥಾಪಕರೆಂಬ ಹುದ್ದೆ ಕೊಟ್ಟು ಹೊರಗಿನವರೊಂದಿಗೆ ವ್ಯವಹರಿಸಲು ಬಿಟ್ಟ ಸಂಸ್ಥೆ, ನಿಗದಿತ ಮೊತ್ತಕ್ಕಿಂತ ಹೆಚ್ಚು ಆರ್ಡರ್ ಕೊಡಬೇಡಿ ಎಂದು ಒಳಗೊಳಗೇ ಹೇಳಿದ್ದನ್ನು ಹೊರಗಿನವರ ವಿರುದ್ಧ ಸಾಮಾನ್ಯವಾಗಿ ಎತ್ತಿ ಹಿಡಿಯಲಾರದು. ನೀವು ಕಳುಹಿಸುವ ಒಂದು ಇಮೇಲ್ ಸಂಸ್ಥೆಯನ್ನೇ ಕಟ್ಟಿಹಾಕಬಹುದು.

ಪಾವತಿಯ ಕಾನೂನಿನಲ್ಲಿ ಲೆಟರ್ ಆಫ್ ಕ್ರೆಡಿಟ್ ಅಥವಾ ಎಲ್‌ಸಿ ನನಗೆ ಅತ್ಯಂತ ಪ್ರಿಯವಾದ ಪಾಠ. ಪರಸ್ಪರ ಮುಖ ನೋಡದ ಇಬ್ಬರ ನಡುವೆ ಬ್ಯಾಂಕೊಂದು ನಿಂತು, ಇಂಥಿಂಥ ದಾಖಲೆಗಳನ್ನು ತಂದರೆ ಹಣ ಕೊಡುತ್ತೇನೆ ಎಂದು ಮಾತು ಕೊಡುತ್ತದೆ. ಬ್ಯಾಂಕು ಸರಕನ್ನು ನೋಡುವುದಿಲ್ಲ, ದಾಖಲೆಯನ್ನಷ್ಟೇ ನೋಡುತ್ತದೆ. 1943ರಲ್ಲಿ ವರದಿಯಾದ ಒಂದು ಇಂಗ್ಲಿಷ್ ಮೊಕದ್ದಮೆಯಲ್ಲಿ ಎಲ್‌ಸಿ ಕೇಳಿದ್ದು ಕೋರಮಂಡಲ ಕಡಲೆಕಾಯಿಯ ದಾಖಲೆಗಳನ್ನು. ಸರಕು ಹಡಗೇರಿದ್ದಕ್ಕೆ ಸಾಗಣೆದಾರರು ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ರಸೀದಿಯಲ್ಲಿ ಇದ್ದದ್ದು ಯಂತ್ರದಿಂದ ಸುಲಿದ ಕಡಲೆ ಬೀಜ ಎಂದು. ಆ ವ್ಯಾಪಾರದವರಿಗೆ ಎರಡೂ ಒಂದೇ ಎಂಬುದಕ್ಕೆ ಸಾಕ್ಷ್ಯವಿತ್ತು. ಆದರೂ ಹಣ ಕೊಡಲು ನಿರಾಕರಿಸಿದ ಬ್ಯಾಂಕಿನ ನಡೆ ಸರಿ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು; ಸಾವಿರಾರು ವ್ಯಾಪಾರಗಳ ಪರಿಭಾಷೆಯನ್ನು ಬ್ಯಾಂಕು ಕಲಿತಿರಬೇಕೆಂದು ನಿರೀಕ್ಷಿಸಲಾಗದು. 2007ರ ಜುಲೈ 1ರಿಂದ ಜಾರಿಯಲ್ಲಿರುವ, ಎಲ್‌ಸಿಗಳಿಗೆಂದೇ ರೂಪಿಸಿದ ಯುಸಿಪಿ 600 ನಿಯಮಗಳು ಇದನ್ನು ಸಡಿಲಿಸಿ, ಇನ್‌ವಾಯ್ಸ್ ಹೊರತು ಇತರ ದಾಖಲೆಗಳಲ್ಲಿ ಸರಕಿನ ವಿವರಣೆ ಎಲ್‌ಸಿಗೆ ವಿರುದ್ಧವಾಗಿರದಿದ್ದರೆ ಸಾಮಾನ್ಯ ಪದಗಳಲ್ಲಿದ್ದರೂ ನಡೆಯುತ್ತದೆ ಎಂದಿವೆ. ಇನ್‌ವಾಯ್ಸ್ ಮಾತ್ರ ಇಂದಿಗೂ ಎಲ್‌ಸಿಯ ವಿವರಣೆಗೆ ಸರಿಹೊಂದಲೇಬೇಕು.

ಎಷ್ಟು ತಿಳಿದಿದ್ದರೆ ಸಾಕು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಈಗ ಬರುತ್ತೇನೆ. ಕರಾರು ಮತ್ತು ಮಾರಾಟವನ್ನು ಆಳವಾಗಿ ಓದಿ. ಕಂಪನಿ, ಏಜೆನ್ಸಿ, ಅಡಮಾನ, ದಿವಾಳಿಗಳ ತತ್ವ ತಿಳಿದಿರಲಿ. ಸ್ಪರ್ಧೆ, ಬೌದ್ಧಿಕ ಆಸ್ತಿ, ಕಾರ್ಮಿಕ ಹಾಗೂ ತೆರಿಗೆ ಕಾನೂನುಗಳ ಹೊಸ್ತಿಲು ಎಲ್ಲಿದೆ ಎಂದು ಗುರುತಿಸಲು ಬಂದರೆ ಸಾಕು. ಬಾಯಿಪಾಠದ ಬದಲು ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಕೆಲಸವನ್ನು ನೀವೂ ಮಾಡಿ ನೋಡಿ. ನಿಜವಾದ ಒಂದು ಪರ್ಚೇಸ್ ಆರ್ಡರನ್ನು, ಹಿಂಬದಿಯ ಪುಟದ ಸಣ್ಣ ಅಕ್ಷರಗಳ ಸಮೇತ, ಮೂರು ಬಣ್ಣದ ಪೆನ್ಸಿಲ್ ಹಿಡಿದು ಓದಿ. ಯಾರು ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬ ಸಾಲುಗಳಿಗೆ ಒಂದು ಬಣ್ಣ. ಒಡೆತನ ಮತ್ತು ಹೊಣೆ ಯಾವಾಗ ಕೈಬದಲಾಗುತ್ತವೆ ಎಂಬುದಕ್ಕೆ ಇನ್ನೊಂದು. ತಪ್ಪಿದರೆ ಏನು ಎಂಬುದಕ್ಕೆ ಮೂರನೆಯದು. ಮುಂಬದಿಯ ಪುಟವೆಲ್ಲ ಮೊದಲ ಬಣ್ಣದಿಂದ ತುಂಬಿ, ಮೂರನೆಯ ಬಣ್ಣ ಪೂರ್ತಿಯಾಗಿ ಹಿಂಬದಿಯ ಪುಟಕ್ಕೆ ಸೇರಿಕೊಂಡಿರುವುದನ್ನು ಕಂಡು ತರಗತಿ ಪ್ರತಿ ಸಲವೂ ಸ್ವಲ್ಪ ಹೊತ್ತು ಮೌನವಾಗುತ್ತದೆ. ಬಳಿಕ ಬಣ್ಣ ಬಳಿದ ಪ್ರತಿಯೊಂದು ಸಾಲಿನ ಪಕ್ಕದಲ್ಲಿ, ಈ ಸಾಲು ಇಲ್ಲದಿದ್ದರೆ ಕಾನೂನು ಏನು ಹೇಳುತ್ತಿತ್ತು ಎಂದು ಬರೆಯಿರಿ. ಅದಕ್ಕೆ ಕಲಂ ಹುಡುಕಲೇಬೇಕಾಗುತ್ತದೆ. ಹಾಗೆ ಹುಡುಕಿ ಸಿಕ್ಕಿದ ಕಲಂ ಅಷ್ಟು ಸುಲಭವಾಗಿ ಮರೆತುಹೋಗುವುದಿಲ್ಲ.

ಕರಾರಿನ ಕೊನೆಯಲ್ಲಿ ಯಾವ ದೇಶದ ಕಾನೂನು, ಯಾವ ಊರಿನ ನ್ಯಾಯಾಲಯ ಅಥವಾ ಆರ್ಬಿಟ್ರೇಶನ್ (ನ್ಯಾಯಾಲಯದ ಬದಲು ಇಬ್ಬರೂ ಒಪ್ಪಿದ ಮಧ್ಯಸ್ಥರ ತೀರ್ಪು) ಎಂಬ ಸಾಲುಗಳಿರುತ್ತವೆ. ದೇಶಗಳ ನಡುವಿನ ವ್ಯಾಪಾರದಲ್ಲಿ ಆರ್ಬಿಟ್ರೇಶನ್ ಹೆಚ್ಚು ಬಳಕೆಯಾಗಲು ಒಂದು ಮುಖ್ಯ ಕಾರಣ 1958ರ ನ್ಯೂಯಾರ್ಕ್ ಒಪ್ಪಂದ. 170ಕ್ಕೂ ಹೆಚ್ಚು ದೇಶಗಳು ಸೇರಿರುವ ಈ ಒಪ್ಪಂದದಿಂದಾಗಿ, ಒಂದು ದೇಶದಲ್ಲಿ ಸಿಕ್ಕ ಆರ್ಬಿಟ್ರೇಶನ್ ತೀರ್ಪನ್ನು ಇನ್ನೊಂದು ದೇಶದಲ್ಲಿ ಜಾರಿ ಮಾಡಿಸುವುದು ನ್ಯಾಯಾಲಯದ ತೀರ್ಪಿಗಿಂತ ಬಹುತೇಕ ಸುಲಭ.

ಕೊನೆಯದಾಗಿ, ವಕೀಲರ ಬಳಿ ಯಾವಾಗ ಹೋಗಬೇಕು? ಜಾಮೀನಿಗೆ, ಅಡಮಾನಕ್ಕೆ, ಮೇಲ್ಮಿತಿಯಿಲ್ಲದ ಹೊಣೆಗೆ ಸಹಿ ಹಾಕುವ ಮುನ್ನ ಎಂಬುದು ಎಲ್ಲರಿಗೂ ತಿಳಿದ ಉತ್ತರ. ಅಷ್ಟಾಗಿ ತಿಳಿಯದ ಇನ್ನೊಂದು ಸಂದರ್ಭವಿದೆ: ಕರಾರನ್ನು ನೀವು ರದ್ದು ಮಾಡಬೇಕೆಂದು ಹೊರಟಾಗ. ಎದುರಿನವರು ತಪ್ಪು ಮಾಡಿದ್ದಾರೆ, ಆದ್ದರಿಂದ ನಾವು ಬಿಟ್ಟು ಹೊರಡಬಹುದು ಎಂದು ಯಾರಿಗಾದರೂ ತೋರುತ್ತದೆ. ಹಾಂಕಾಂಗ್ ಫರ್ ಎಂಬ ಹಡಗನ್ನು ಬಾಡಿಗೆಗೆ ಹಿಡಿದವರಿಗೂ 1957ರಲ್ಲಿ ಹಾಗೇ ತೋರಿತು. ಬಾಡಿಗೆಯ ಅವಧಿ 24 ತಿಂಗಳು. ಹಡಗಿನ ಎಂಜಿನ್ ಹಳೆಯದು, ಅದನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಸಾಮರ್ಥ್ಯವಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಸುಮಾರು 20 ವಾರ ದುರಸ್ತಿಯಲ್ಲೇ ಹೋಯಿತು. ಮಾಲೀಕರು ಕರಾರು ಭಂಗ ಮಾಡಿದ್ದರು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ಹಡಗುಗಳ ಬಾಡಿಗೆಯೂ ಇಳಿದಿತ್ತು. ಬಾಡಿಗೆದಾರರು ಕರಾರು ಮುಗಿಯಿತೆಂದು ಪತ್ರ ಬರೆದರು. ಹಡಗು ದುರಸ್ತಿಯಾದ ಮೇಲೂ 17 ತಿಂಗಳ ಅವಧಿ ಉಳಿದಿತ್ತು. ಈ ಭಂಗ ಬಾಡಿಗೆದಾರರ ಇಡೀ ಪ್ರಯೋಜನವನ್ನು ಕಸಿದುಕೊಳ್ಳುವಷ್ಟು ದೊಡ್ಡದಲ್ಲ, ಪರಿಹಾರ ಕೇಳಬಹುದಿತ್ತೇ ಹೊರತು ಕರಾರನ್ನು ಮುರಿಯುವಂತಿರಲಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ತಪ್ಪು ಮಾಡಿದ ಮಾಲೀಕರಿಗೇ ಬಾಡಿಗೆದಾರರು ಪರಿಹಾರ ಕೊಡಬೇಕಾಯಿತು. ಅಂಥ ಪತ್ರವನ್ನು ಬರೆಯುವ ಮನಸ್ಸಾದ ದಿನ, ಕಳುಹಿಸುವ ಮೊದಲು, ಕರಾರಿನ ಪೂರ್ತಿ ಪ್ರತಿಯನ್ನೂ, ಯಾವ ದಿನ ಏನಾಯಿತು ಎಂಬ ದಿನಾಂಕವಾರು ಪಟ್ಟಿಯನ್ನೂ, ಈವರೆಗಿನ ಎಲ್ಲ ಇಮೇಲುಗಳನ್ನೂ ತೆಗೆದುಕೊಂಡು ವಕೀಲರನ್ನು ಕಾಣಿ.